ಕಾಫಿ ಗಿಡ ತಲೆಗಿಂತ ಎತ್ತರವಿದ್ದಾಗ

ಮಕ್ಕಳ ಗ್ರಾಫಿಕ್ ಕಾದಂಬರಿಯ, ಅಂದರೆ ಸಾಲು ಚಿತ್ರಗಳಲ್ಲಿ ಹೇಳುವ ಕಥೆಯ, ಹಸ್ತಪ್ರತಿ ಬಂದಾಗ, ಚಿತ್ರಕಾರರು ಎಲ್ಲಿ ನಿಂತು ನೋಡಿದ್ದಾರೆ ಎಂಬುದನ್ನು ಸಂಪಾದಕಿಯಾಗಿ ನಾನು ಮೊದಲು ಹುಡುಕುತ್ತೇನೆ. ಚಿತ್ರದೊಂದಿಗೆ ಕಥೆ ಹೇಳುವ ಸಾಲುಗಳಿರುವ ನಿರೂಪಣೆಯ ಪಟ್ಟಿಯಲ್ಲಿ ‘ನಾನು’ ಎಂದು ಬರೆದ ಮಾತ್ರಕ್ಕೆ ಕಥೆ ಮಗುವಿನದಾಗುವುದಿಲ್ಲ.

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೈನ್‌ಮನೆ, ಅಂದರೆ ಕಾರ್ಮಿಕರ ಸಾಲುಮನೆ, ಎಂದುಕೊಳ್ಳಿ. ರಾತ್ರಿ ಹಲಸಿನ ಹಣ್ಣಿಗೆ ಆನೆ ಬಂದಿದೆ. ಎಂಟು ವರ್ಷದ ಹುಡುಗಿ ಕಥೆ ಹೇಳುತ್ತಿದ್ದಾಳೆ. ಕೊಡಗಿನ ಹೊಸ ಚಿತ್ರಕಾರರಲ್ಲಿ ಬಹಳ ಮಂದಿ ಇಂಥ ಪುಟವನ್ನು ಮೇಲಿನಿಂದ ನೋಡಿದಂತೆ ಬಿಡಿಸುತ್ತಾರೆ: ಹೆಂಚಿನ ಸಾಲು, ಬೆಳದಿಂಗಳು, ಇಡೀ ಆನೆ, ಮೂಲೆಯಲ್ಲಿ ಚುಕ್ಕಿಯಷ್ಟು ಹುಡುಗಿ. ನೋಡಲು ಸೊಗಸು. ಆದರೆ ಅಲ್ಲಿ ಹುಟ್ಟುವುದು ಅವಳ ಹೆದರಿಕೆಯಲ್ಲ, ಅವಳ ಬಗ್ಗೆ ನಮಗಾಗುವ ಆತಂಕ. ಅದು ಬೇರೆಯದೇ ಕಥೆ.

ಕಣ್ಣನ್ನು ಅವಳ ಎತ್ತರಕ್ಕೆ ಇಳಿಸಿ ನೋಡಿ. ಕಿಟಕಿಯ ಸರಳುಗಳ ನಡುವೆ ಕತ್ತಲು, ಅಲುಗುವ ಕೊಂಬೆ, ಆಮೇಲೆ ಒಂದು ಕಾಲು, ಅದೂ ಮೊಣಕಾಲಿನವರೆಗೆ ಮಾತ್ರ. ಬೆಳಿಗ್ಗೆ ತೋಟದಲ್ಲಿ ಅಪ್ಪ ಗಿಡಗಳ ಮೇಲಿಂದ ದೂರ ನೋಡುತ್ತಾರೆ. ಅವಳಿಗೆ ಅವೇ ಗಿಡಗಳು ಗೋಡೆ. ಅವಳ ಲೋಕ ಬುಡಗಳ ನಡುವೆ ಇದೆ. ಆನೆಯ ಲದ್ದಿಯೊಳಗಿನ ಕಾಫಿ ಬೀಜ ಮೊದಲು ಕಾಣುವುದು ಅವಳಿಗೇ.

ಹಾಗೆಂದು ಇಡೀ ಪುಸ್ತಕವನ್ನು ಅವಳ ಕಣ್ಣಿನೊಳಗಿನಿಂದಲೇ ಬಿಡಿಸಿದರೆ ಅವಳ ಮುಖವೇ ಕಾಣುವುದಿಲ್ಲ. ಓದುವ ಮಗುವಿಗೆ ಗೆಳತಿಯೇ ಸಿಗುವುದಿಲ್ಲ. ಒಂದು ಚೌಕಟ್ಟಿನಲ್ಲಿ ಮುಖ, ಮುಂದಿನದರಲ್ಲಿ ಅವಳು ಕಂಡದ್ದು, ಮತ್ತೆ ಮುಖ. ಇಷ್ಟಿದ್ದರೆ ಸಾಕು.

ದೃಷ್ಟಿಕೋನ ಕಣ್ಣಿಗಷ್ಟೇ ಸೇರಿದ್ದೂ ಅಲ್ಲ. ಸೀಸೀ ಬೆಲ್ ಅವರ ‘ಎಲ್ ಡೆಫೊ’ (2014) ಗ್ರಾಫಿಕ್ ಕಾದಂಬರಿಯಲ್ಲಿ ನಾಯಕಿಯ ಶ್ರವಣ ಸಾಧನದ ಬ್ಯಾಟರಿ ಮುಗಿಯುತ್ತಾ ಬಂದಂತೆ ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತವೆ. ಅವಳನ್ನು ಹೊರಗಿನಿಂದ ನೋಡುತ್ತಲೇ ಅವಳ ಕಿವಿಯಿಂದ ಕೇಳುತ್ತೇವೆ. ಎಷ್ಟು ಸರಳ, ಎಷ್ಟು ಆಳ!

ಪಟ್ಟಿಯಲ್ಲಿ ‘ನನಗೇನೂ ಹೆದರಿಕೆಯಾಗಲಿಲ್ಲ’ ಎಂದಿದ್ದು, ಚಿತ್ರದಲ್ಲಿ ಅಮ್ಮನ ಸೆರಗು ನಮ್ಮ ಲೈನ್‌ಮನೆಯ ಹುಡುಗಿಯ ಮುಷ್ಟಿಯಲ್ಲಿದ್ದರೆ ದಯವಿಟ್ಟು ತಿದ್ದಬೇಡಿ. ಮಕ್ಕಳು ಆ ಮುಷ್ಟಿಯನ್ನು ನಮಗಿಂತ ಬೇಗ ಪತ್ತೆ ಹಚ್ಚುತ್ತಾರೆ. ನಾನು ಕೆಂಪು ಶಾಯಿ ಹಚ್ಚುವುದು ಬೇರೆ ಕಡೆ: ಆನೆದಾರಿಗಳು ಏಕೆ ತುಂಡಾದವು ಎಂದು ಆ ಎಂಟು ವರ್ಷದ ಹುಡುಗಿಯೇ ಪಟ್ಟಿಯಲ್ಲಿ ಪಾಠ ಹೇಳತೊಡಗಿದಾಗ. ಅದು ಬರೆದವರ ದನಿ. ಹೇಳಲೇಬೇಕಿದ್ದರೆ ಅರಣ್ಯ ಇಲಾಖೆಯ ವಾಚರ್ ಜಗಲಿಯಲ್ಲಿ ಕೂತು ಅಪ್ಪನಿಗೆ ಹೇಳಲಿ. ಅವಳು ಒಳಗಿನಿಂದ ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಪ್ಪಾಗಿಯೇ ಊಹಿಸಿಕೊಳ್ಳಲಿ.