ಫ್ಲಾರಿಡ್: ಹೂವಿನಿಂದ ಬಂದ ಪದ, ಆದರೆ ಹೊಗಳಿಕೆಯಲ್ಲ

ಒಂದು ಪುಸ್ತಕದ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವಾಗ ಲೇಖಕರ ಶೈಲಿ ತುಂಬ ಫ್ಲಾರಿಡ್ (florid) ಅಂತ ಬರೆದಿದ್ದೆ. ಹೊಗಳಬೇಕು ಅಂತಲೇ ಬರೆದದ್ದು. ಓದಿದ ಮೇಷ್ಟ್ರು 'ಯಾಕೆ, ಪುಸ್ತಕ ಹಿಡಿಸಲಿಲ್ವಾ?' ಅಂತ ಕೇಳಿದರು. ನೀವೂ ಅಲ್ಲೇ ಎಡವಬಾರದು ಅಂತ ಈ ಟಿಪ್ಪಣಿ.

ಡಿಕ್ಷನರಿಯಲ್ಲಿ 'ಆಲಂಕಾರಿಕ' ಅಂತ ಅರ್ಥ ಸಿಗುತ್ತದೆ. ತಪ್ಪಲ್ಲ, ಆದರೆ ಸಾಲದು. ಅಲಂಕಾರ ಅಂದರೆ ನಮಗೆ ಉಪಮೆ, ರೂಪಕ, ಶಾಲೆಯಲ್ಲೇ ಕಲಿತ ಕಾವ್ಯದ ಸೊಗಸು, ಹಾಗಾಗಿ ಅದು ದೂರಿನ ಹಾಗೆ ಕೇಳಿಸುವುದೇ ಇಲ್ಲ. ಫ್ಲಾರಿಡ್‌ನಲ್ಲಿ 'ಸ್ವಲ್ಪ ಜಾಸ್ತಿ ಆಯ್ತು' ಅನ್ನುವ ಧ್ವನಿ ಇದೆ. 'ಸಂಜೆಯಾಯಿತು' ಅಂದರೆ ಸಾಕಾಗುವ ಕಡೆ 'ಹೊನ್ನಿನ ತೇರೇರಿ ಬಂದ ದಿನಮಣಿಯು ಪಡುಗಡಲಿನ ಮಡಿಲಿಗೆ ಜಾರಿದನು' ಅಂತ ಬರೆದು, ಮುಂದಿನ ಸಾಲೂ ಹಾಗೇ, ಅದರ ಮುಂದಿನದೂ ಹಾಗೇ ಇದ್ದರೆ, ಅದು ಫ್ಲಾರಿಡ್ ಪ್ರೋಸ್ (ಗದ್ಯ).

ಪದದ ಬೇರು ಲ್ಯಾಟಿನ್‌ನದು. ಫ್ಲೋಸ್ ಅಂದರೆ ಹೂ, ಫ್ಲೋರಿದುಸ್ ಅಂದರೆ ಹೂ ತುಂಬಿದ್ದು. ಫ್ಲೋರಾ, ಫ್ಲಾರಿಸ್ಟ್, ಫ್ಲರಿಶ್ ಎಲ್ಲ ಇದೇ ಬಳ್ಳಿಯವು. ಮೊದಲು ಇದು ಬೈಗುಳವೇನೂ ಆಗಿರಲಿಲ್ಲ. 1ನೇ ಶತಮಾನದಲ್ಲಿ ರೋಮ್‌ನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಮೂರು ಬಗೆಯ ಶೈಲಿ ಹೇಳುತ್ತಾನೆ: ಸರಳವಾದದ್ದು, ಭಾರಿಯಾದದ್ದು, ಇವೆರಡರ ನಡುವಿನದು. ನಡುವಿನದಕ್ಕೆ ಕೆಲವರು ಫ್ಲೋರಿದುಸ್ ಅನ್ನುತ್ತಿದ್ದರಂತೆ. ಕೇಳುವವರಿಗೆ ಹಿತವಾಗಲಿ ಅಂತ ಆಡುವ ಮಾತು ಅದು.

ಇನ್ನೊಂದು ಅರ್ಥ ಮುಖಕ್ಕೆ ಸೇರಿದ್ದು. ಹಳೆಯ ಇಂಗ್ಲಿಷ್ ಕಾದಂಬರಿ ಓದುವವರಿಗೆ 'ಫ್ಲಾರಿಡ್ ಕಂಪ್ಲೆಕ್ಷನ್' ಸಿಕ್ಕೇ ಸಿಗುತ್ತದೆ. ಹೂ ಅಂದ ತಕ್ಷಣ ನಾವು 'ಮುಖ ಅರಳಿತು' ಅಂದುಕೊಂಡು ಸಂತೋಷದ ಮುಖ ಅಂತ ಓದಿಬಿಡುತ್ತೇವೆ, ಅಲ್ವಾ? ಅದಲ್ಲ. ಅದು ಕೆಂಪು ಕೆಂಪಾದ ಮುಖ, ಅಷ್ಟೇ. ಖುಷಿಗೂ ಅದಕ್ಕೂ ಸಂಬಂಧ ಇಲ್ಲ. ಸೈಕೋಸಿಸ್ ಅನ್ನುವುದು ವಾಸ್ತವದ ಅರಿವು ತಪ್ಪಿಸುವ ಮಾನಸಿಕ ಕಾಯಿಲೆ. ಡಾಕ್ಟರುಗಳು 'ಫ್ಲಾರಿಡ್ ಸೈಕೋಸಿಸ್' ಅಂದರೆ ಅದರ ಲಕ್ಷಣಗಳೆಲ್ಲ ಪೂರ್ತಿಯಾಗಿ, ಎದ್ದು ಕಾಣುವ ಹಾಗೆ ಬಂದಿವೆ ಅಂತ. ಬಿರಿದು ನಿಂತ ಹೂವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಮೂರೂ ಅರ್ಥ ಒಟ್ಟಿಗೆ ನೆನಪಿರುತ್ತವೆ. ನನಗಂತೂ ಹಾಗೇ ಉಳಿದದ್ದು.

ಹಾಗಾದರೆ ಮೆಚ್ಚುಗೆಗೆ ಯಾವ ಪದ? ಹಳೇಬೀಡಿನ ಕೆತ್ತನೆಗೆ ಆರ್ನೇಟ್ ಅನ್ನಿ. ಕಟ್ಟಡ, ಒಡವೆ, ಪೀಠೋಪಕರಣಕ್ಕೆಲ್ಲ ಅದು ಸಲ್ಲುತ್ತದೆ, ಅದರಲ್ಲಿ ದೂರು ಇರಲೇಬೇಕು ಅಂತಿಲ್ಲ. ಫ್ಲವರಿ ಅನ್ನುವುದು ಫ್ಲಾರಿಡ್‌ನ ತಂಗಿ ಇದ್ದ ಹಾಗೆ. ಮಾತಿನಲ್ಲಿ ಜಾಸ್ತಿ ಓಡಾಡುತ್ತದೆ, ದೂರು ಮಾತ್ರ ಅದೇ.

ಸಂಗೀತದಲ್ಲಿ ಫ್ಲಾರಿಡ್‌ಗೆ ಈ ಕಳಂಕ ಇಲ್ಲ. ಆಸ್ಟ್ರಿಯಾದ ಸಂಗೀತ ರಚನೆಕಾರ ಫುಕ್ಸ್ 1725ರಲ್ಲಿ ಕೌಂಟರ್‌ಪಾಯಿಂಟ್, ಅಂದರೆ ಒಂದಕ್ಕಿಂತ ಹೆಚ್ಚು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ಸ್ವರಜೋಡಣೆ, ಕಲಿಸಲು ಒಂದು ಪಠ್ಯ ಬರೆದ. ಅದರಲ್ಲಿ ಪಾಠ ಐದು ಹಂತದಲ್ಲಿ ಏರುತ್ತದೆ. ಹಿಂದಿನ ನಾಲ್ಕನ್ನೂ ಬೆರೆಸಿ ಬರೆಯಬೇಕಾದ ಐದನೆಯ ಹಂತಕ್ಕೆ ಇಂಗ್ಲಿಷ್‌ನಲ್ಲಿ ಇವತ್ತಿಗೂ ಫ್ಲಾರಿಡ್ ಕೌಂಟರ್‌ಪಾಯಿಂಟ್ ಅಂತಲೇ ಹೆಸರು.