ಅಜ್ಜಿಯ ಗಂಟಲಲ್ಲಿ ಹುಡುಗ

ಡಬ್ಬಿಂಗ್ ಕಲಿಯಲು ಬರುವ ಹುಡುಗನೊಬ್ಬ ಮೊನ್ನೆ ಫೋನಿನಲ್ಲಿ 'ಡ್ರ್ಯಾಗನ್ ಬಾಲ್' ಅನ್ನೋ ಜಪಾನಿನ ಕಾರ್ಟೂನ್ ಸರಣಿ ಹಾಕಿದ. ಜಪಾನಿ ಆಡಿಯೊ. ಅದರ ನಾಯಕ ಗೋಕು ಬಾಯಿ ತೆರೆದದ್ದೇ ತಡ, ಹುಡುಗ ನಕ್ಕುಬಿಟ್ಟ. "ಇಷ್ಟು ಗಟ್ಟಿಮುಟ್ಟಾದ ಗಂಡಸಿಗೆ ಹೆಂಗಸಿನ ದನಿ ಯಾಕೆ ಮೇಡಂ?" ಪಾಪ, ಇಂಗ್ಲಿಷಿನ ಗಂಡು ದನಿ ಕೇಳಿ ಬೆಳೆದವನು.

ಆ ದನಿ ಮಸಾಕೊ ನೊಜಾವಾ ಅವರದು. ಹುಟ್ಟಿದ್ದು 1936ರಲ್ಲಿ, ಟೋಕಿಯೊದಲ್ಲಿ. 1986ರಿಂದ ಗೋಕು ಅಂದ್ರೆ ಅವರೇ. ಗೋಕುವಿನ ಮಕ್ಕಳಾದ ಗೊಹಾನ್, ಗೊಟೆನ್, ಅಪ್ಪ ಬಾರ್ಡಾಕ್ ಕೂಡ ಅವರೇ. ಮನೆಮಂದಿಗೆಲ್ಲ ಒಂದೇ ಗಂಟಲು!

ಹೆಂಗಸರು ಹುಡುಗರಿಗೆ ದನಿ ಕೊಡುವ ರೂಢಿ ಅಲ್ಲಿ ಶುರುವಾದದ್ದು ಒಂದು ಪೇಚಾಟದಿಂದ. ಜಪಾನಿನ ಟಿವಿಯ ಆರಂಭದ ದಿನಗಳಲ್ಲಿ ವಿದೇಶಿ ಧಾರಾವಾಹಿಗಳಿಗೆ ಡಬ್ಬಿಂಗ್ ನೇರ ಪ್ರಸಾರದಲ್ಲೇ ನಡೆಯುತ್ತಿತ್ತು. ಇತ್ತ ಚಿತ್ರ ಓಡುತ್ತಿರುತ್ತದೆ, ಅತ್ತ ಕಲಾವಿದರು ಮೈಕಿನ ಮುಂದೆ ಹೇಳಿದ್ದು ಹಾಗೇ ಮನೆಮನೆಗೆ ಹೋಗುತ್ತದೆ. ಇನ್ನೊಂದು ಟೇಕ್ ಅನ್ನೋ ಮಾತೇ ಇಲ್ಲ. ಇಂಥ ಕಡೆ ಪುಟ್ಟ ಹುಡುಗನ ಪಾತ್ರ ಬಂದರೆ ಏನು ಮಾಡುವುದು? ಚಿಕ್ಕ ಮಕ್ಕಳನ್ನು ನಂಬಿ ಕೂರುವ ಹಾಗಿಲ್ಲ. ದೊಡ್ಡ ಹುಡುಗರಿಗೆ ದನಿ ಒಡೆದಿರುತ್ತದೆ. ಕೊನೆಗೆ ಹೆಂಗಸರನ್ನು ಕರೆದರು. ನಾಟಕ ಮಾಡಿಕೊಂಡಿದ್ದ ನೊಜಾವಾ ಅವರಿಗೆ ಹುಡುಗನ ಪಾತ್ರ ಸಿಕ್ಕಿದ್ದು ಹೀಗೆ.

ಕನ್ನಡದಲ್ಲೂ ಎಷ್ಟೋ ಬಾಲನಟರಿಗೆ ನನ್ನಂಥ ಹೆಂಗಸರೇ ದನಿ ಕೊಡುತ್ತೇವೆ. ಹೊಸಬರು ಮಾಡುವ ತಪ್ಪು ಒಂದೇ: ದನಿಯನ್ನು ಸುಮ್ನೆ ಮೇಲಕ್ಕೇರಿಸುತ್ತಾರೆ. ಆಗ ಹುಡುಗ ಕೇಳಿಸಲ್ಲ, ಕೀರಲು ಗೊಂಬೆ ಕೇಳಿಸುತ್ತದೆ. ಹುಡುಗ ಇರುವುದು ಉಸಿರಿನಲ್ಲಿ. "ಅಮ್ಮಾ, ಅಲ್ಲಿ ನಾಯಿ ಬಂದಿತ್ತು" ಅನ್ನುವುದನ್ನು ದೊಡ್ಡವರು ಒಂದೇ ಉಸಿರಿಗೆ ಮುಗಿಸುತ್ತಾರೆ. ಮಗು "ಅಮ್ಮಾ, ಅಲ್ಲಿ..." ಅಂದು ತಡೆದು, ಉಸಿರೆಳೆದು, "ನಾಯಿ" ಅನ್ನುತ್ತದೆ. ಹೇಳುವ ಆತುರ ಜಾಸ್ತಿ, ಉಸಿರು ಕಮ್ಮಿ. ನೊಜಾವಾ ಅವರ ಗೋಕುವನ್ನು ಕಣ್ಣು ಮುಚ್ಚಿ ಕೇಳಿ. ದನಿ ಅಷ್ಟೇನೂ ತೆಳುವಿಲ್ಲ, ಸ್ವಲ್ಪ ಒರಟೇ. ಆದರೆ ಆ ಆತುರ ಇದೆ.

ಇನ್ನು ಹೊಡೆದಾಟದಲ್ಲಿ ಗೋಕು ಹಾಕುವ ಆ 'ಕಮೆಹಮೆಹಾ' ಕೂಗು. ಕೇಳುವವರಿಗೆ ಮಜಾ, ಕೂಗುವವರಿಗೆ ಗೊತ್ತು. ಒಮ್ಮೆ ಒಂದು ಜಗಳದ ದೃಶ್ಯಕ್ಕೆ ನಾನು ಗಂಟಲಿನಿಂದಲೇ ಕಿರುಚಿ ನಾಲ್ಕು ದಿನ ಮಾತು ಕಳೆದುಕೊಂಡಿದ್ದೆ. ಮನೆಯಲ್ಲಿ ಚೀಟಿ ಬರೆದು ಕಾಫಿ ಕೇಳುವ ಪರಿಸ್ಥಿತಿ. ಗಂಟಲು ಸಡಿಲವಾಗಿರಬೇಕು, ಹೊಟ್ಟೆ ದುಡಿಯಬೇಕು ಅನ್ನುವುದು ಆಮೇಲೆ ಬಂದ ಬುದ್ಧಿ.

ನನಗೆ ಹೊಟ್ಟೆಕಿಚ್ಚಾಗುವ ಸಂಗತಿ ಇನ್ನೊಂದಿದೆ. ನಾವು ಇಲ್ಲಿ ಬಹಳಷ್ಟು ಸಲ ಒಬ್ಬೊಬ್ಬರೇ ಬೂತಿಗೆ ಹೋಗಿ ನಮ್ಮ ಮಾತು ಮುಗಿಸಿ ಬರುತ್ತೇವೆ. ಎದುರಿನವರ ಉತ್ತರ ಹೆಡ್‌ಫೋನಿನಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜಪಾನಿನ ಅನಿಮೆ, ಅಂದ್ರೆ ಅಲ್ಲಿನ ಕಾರ್ಟೂನ್, ಸ್ಟುಡಿಯೊಗಳಲ್ಲಿ ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು ಹಳೆಯ ಪದ್ಧತಿ. ಮುಂದೆ ಪರದೆ, ಮೂರೋ ನಾಲ್ಕೋ ಮೈಕು, ಕೈಯಲ್ಲಿ ಸ್ಕ್ರಿಪ್ಟು. ಸರದಿ ಬಂದವರು ಮೈಕಿಗೆ ಬಂದು, ಹೇಳಿ, ಹಿಂದೆ ಸರಿಯುತ್ತಾರೆ. ಹಾಳೆ ತಿರುವಿದ ಸದ್ದೂ ಬರಬಾರದು. ಅಂಥಲ್ಲಿ ಗೋಕುವೂ ಮಕ್ಕಳೂ ಮಾತಾಡಿಕೊಳ್ಳುವ ದೃಶ್ಯ ಬಂದರೆ ನೊಜಾವಾ ಬೇರೆ ಬೇರೆ ಮಾಡಿ ಹೇಳುವುದಿಲ್ಲ. ಅಪ್ಪ, ಮಗ, ಮತ್ತೆ ಅಪ್ಪ ಅಂತ ಒಂದೇ ಓಟದಲ್ಲಿ ಹೇಳಿ ಮುಗಿಸುತ್ತಾರೆ. ನಾನಾದರೆ ಎರಡನೇ ಸಾಲಿಗೇ ಕೈ ಎತ್ತಿ "ಕಟ್" ಅನ್ನುತ್ತಿದ್ದೆ.

2017ರಲ್ಲಿ ಗಿನ್ನೆಸ್‌ನವರು ವಿಡಿಯೊ ಗೇಮ್‌ಗಳಲ್ಲಿ ಒಂದೇ ಪಾತ್ರಕ್ಕೆ 23 ವರ್ಷ 218 ದಿನ ದನಿ ಕೊಟ್ಟಿದ್ದಕ್ಕೆ ಅವರ ಹೆಸರು ಬರೆದುಕೊಂಡರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಿತಾರೊ. 1968ರಲ್ಲಿ ಆ ದೆವ್ವದ ಕಥೆಯ ಹುಡುಗ ಕಿತಾರೊ ಮೊದಲ ಸಲ ಟಿವಿಗೆ ಬಂದಾಗ ಅವನ ದನಿ ಇವರದು. ಕಿತಾರೊನ ಅಪ್ಪ ಬೆರಳುದ್ದದ ಮೈಯವನು, ತಲೆ ಇರಬೇಕಾದಲ್ಲಿ ಒಂದು ಕಣ್ಣುಗುಡ್ಡೆ. ಹಳೆಯ ಸರಣಿಗಳಲ್ಲಿ ಅವನಿಗೆ ದನಿಯಾಗಿದ್ದ ಇಸಾಮು ತನೊನಾಕಾ 2010ರಲ್ಲಿ ತೀರಿಕೊಂಡರು. 2018ರಲ್ಲಿ ಹೊಸ ಸರಣಿ ಬಂದಾಗ ಕಿತಾರೊ ಬೇರೆಯವರ ಪಾಲಾಯಿತು. ನೊಜಾವಾ ಆ ಅಪ್ಪನಾದರು. ಆಗ ಅವರಿಗೆ 81.