ಏರಿನಲ್ಲಿ ತುಂಡಾದ ಮಾತು

ಡಿಸೆಂಬರಿನ ಕೊನೆಯ ಭಾನುವಾರ, ಬೆಳಗಿನ ಐದೂವರೆ. ಚಿತ್ರದುರ್ಗದ ಕೋಟೆಯ ಬಂಡೆಗಳು ಇನ್ನೂ ಕತ್ತಲೆಯಲ್ಲೇ ಇದ್ದವು. ಗೆಳೆಯನೂ ನಾನೂ ಜೋಗಿಮಟ್ಟಿಯ ಕಡೆಗೆ ಏರುವ ದಾರಿ ಹಿಡಿದು ಓಡತೊಡಗಿದೆವು. ಹೋಗಿಬರುವುದು ಸೇರಿ 18 ಕಿ.ಮೀ. ಅವನು ತನ್ನ ತಂದೆ ಹೊಲದಲ್ಲಿ ಕೊರೆಸಿದ ಮೂರನೆಯ ಬೋರಿನ ಕತೆ ಹೇಳುತ್ತಿದ್ದ. ಮೊದಲಿನ ಎರಡೂ ಬತ್ತಿಹೋಗಿದ್ದವು. ಸಮತಟ್ಟಾದ ರಸ್ತೆಯಲ್ಲಿ ಕತೆ ಸರಾಗವಾಗಿ ಸಾಗಿತು. ಏರು ಶುರುವಾದಂತೆ ವಾಕ್ಯಗಳು ಗಿಡ್ಡವಾದವು. "ಐನೂರು ಅಡಿ ದಾಟಿದರೂ... ಬರೀ ದೂಳು... ಅಪ್ಪ ಮಾತ್ರ..." ಎಂದವನು ಮುಂದಿನ ಪದಕ್ಕೆ ಮೊದಲು ಎರಡು ಸಲ ಉಸಿರೆಳೆದುಕೊಂಡ. ನಾನು ತಕ್ಷಣ ವೇಗ ತಗ್ಗಿಸಿದೆ.

ದೂರದ ಓಟದ ವೇಗಕ್ಕೆ ಮಾತಿಗಿಂತ ನಂಬಿಗಸ್ತ ಅಳತೆಗೋಲನ್ನು ನಾನು ಕಂಡಿಲ್ಲ. ಮಾತು ಹುಟ್ಟುವುದು ಹೊರಹೋಗುವ ಉಸಿರಿನಲ್ಲಿ. ವಾಕ್ಯ ಮುಗಿಯುವವರೆಗೂ ಅದನ್ನು ಹಿಡಿದು ಹಿಡಿದು ಬಿಡಬೇಕು. ಸುಮ್ಮನೆ ಕುಳಿತಾಗ ನಮಗೆ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕು. ಜೋರಾಗಿ ಓಡುವಾಗ ಅದು 100 ಲೀಟರ್ ಮೀರಬಹುದು. ಆಗ ಉಸಿರನ್ನು ಮಾತಿಗೆಂದು ತಡೆದಿಡಲು ದೇಹ ಒಪ್ಪುವುದಿಲ್ಲ.

ಏದುಸಿರು ಬಂದರೆ ಆಮ್ಲಜನಕ ಸಾಲುತ್ತಿಲ್ಲ ಎಂದುಕೊಳ್ಳುತ್ತೇವೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಆಗಲೂ ಆಮ್ಲಜನಕ ಬಹುಮಟ್ಟಿಗೆ ತುಂಬಿಯೇ ಇರುತ್ತದೆ. ದೇಹದ ಅವಸರವೆಲ್ಲ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದಕ್ಕೆ. ಏರಿನಲ್ಲಿ ಸ್ನಾಯುಗಳು ಸಕ್ಕರೆಯನ್ನು ಭರದಿಂದ ಒಡೆಯುತ್ತವೆ. ಆಗ ಹುಟ್ಟುವ ಲ್ಯಾಕ್ಟೇಟಿನ ಜೊತೆಗೆ ಹುಳಿ ತರುವ ಹೈಡ್ರೋಜನ್ ಅಯಾನುಗಳೂ ರಕ್ತಕ್ಕೆ ಸೇರುತ್ತವೆ. ರಕ್ತ ಹುಳಿಯಾಗದಂತೆ ಅವುಗಳನ್ನು ಹಿಡಿದುಕೊಳ್ಳುವುದು ರಕ್ತದಲ್ಲಿರುವ ಬೈಕಾರ್ಬೊನೇಟ್. ಅಡುಗೆ ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿದರೆ ಬುಸ್ಸೆಂದು ನೊರೆ ಏಳುತ್ತದಲ್ಲ, ಅದೇ ರಸಾಯನ ಕ್ರಿಯೆ ಇಲ್ಲಿಯೂ ನಡೆದು ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮೆದುಳಿನ ಬುಡದಲ್ಲೂ ಕುತ್ತಿಗೆಯ ರಕ್ತನಾಳಗಳಲ್ಲೂ ಇರುವ ಸಂವೇದಕಗಳು ಈ ಬದಲಾವಣೆಯನ್ನು ಗುರುತಿಸಿ ಉಸಿರಾಟವನ್ನು ಚುರುಕುಗೊಳಿಸುತ್ತವೆ. ಗೆಳೆಯನ ಮಾತು "ಅಪ್ಪ ಮಾತ್ರ" ಎಂಬಲ್ಲಿ ತುಂಡಾದದ್ದು ಹೀಗೆ.

ಮಾತು ತುಂಡಾಗುವ ಆ ಗಡಿ ದಾಟಿ ಬಹಳ ಹೊತ್ತು ಓಡಿದರೆ ಉಗ್ರಾಣ ಬೇಗ ಬರಿದಾಗುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ರೂಪದಲ್ಲಿರುವ ಶಕ್ತಿ ಸುಮಾರು 2,000 ಕಿಲೋಕ್ಯಾಲರಿ ಅಷ್ಟೆ. 60 ಕೆ.ಜಿ. ತೂಕದವರು ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ 60 ಕಿಲೋಕ್ಯಾಲರಿ ವ್ಯಯಿಸುತ್ತಾರೆ. ಮಾತಾಡುತ್ತಾ ಓಡುವ ವೇಗದಲ್ಲಾದರೆ ಅದರ ದೊಡ್ಡ ಪಾಲನ್ನು ಕೊಬ್ಬು ಹೊರುತ್ತದೆ. ತೆಳ್ಳಗಿನವರಲ್ಲಿಯೂ ಕೊಬ್ಬಿಗೆ ಬರವಿಲ್ಲ.

ಚಳಿಗಾಲ ನಮ್ಮ ಬಯಲುಸೀಮೆಯ ಓಟಗಾರರಿಗೆ ಸಿಗುವ ವರ. ಓಡುವಾಗ ಖರ್ಚಾಗುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಗಾಳಿಯೇ ಚರ್ಮಕ್ಕಿಂತ ಬಿಸಿಯಿರುವಾಗ ಬೆವರೊಂದೇ ದಾರಿ. ಅದಕ್ಕಾಗಿ ರಕ್ತದ ಒಂದು ಪಾಲು ಸ್ನಾಯುಗಳನ್ನು ಬಿಟ್ಟು ಚರ್ಮದ ಕಡೆ ಹರಿಯಬೇಕು. ಡಿಸೆಂಬರಿನ ತಂಗಾಳಿಯಾದರೆ ಬಹಳಷ್ಟು ಶಾಖವನ್ನು ತಾನೇ ಹೊತ್ತೊಯ್ಯುತ್ತದೆ. ಒಣಗಾಳಿಗೆ ಬೆವರು ಕೂಡಲೇ ಆರುವುದರಿಂದ ಬೆವರೇ ಬರಲಿಲ್ಲವೆಂದು ನೀರು ಕುಡಿಯುವುದನ್ನು ಮರೆಯುತ್ತೇವೆ. ಬೆಳಕು ಹರಿದಾಗ ಗೆಳೆಯನ ಕಪ್ಪು ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಯೊಂದು ಕಂಡಿತು, ಕೆರೆಯಂಚಿನಲ್ಲಿ ನೀರು ಇಳಿದ ಗುರುತಿನಂತೆ. ಬಾಟಲಿಯನ್ನು ಅವನ ಕೈಗಿಟ್ಟೆ.

ಜೊತೆಗಾರನಿಂದ ಇನ್ನೊಂದು ಲಾಭವೂ ಇದ್ದೀತು. 2010ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನವೊಂದರಲ್ಲಿ 12 ಮಂದಿ ದೋಣಿ ಸ್ಪರ್ಧಿಗಳು ದೋಣಿಯ ಹುಟ್ಟು ಎಳೆದಂತೆ ಎಳೆಯುವ ವ್ಯಾಯಾಮ ಯಂತ್ರದ ಮೇಲೆ ಒಂಟಿಯಾಗಿಯೂ ಗುಂಪಾಗಿಯೂ ಅಭ್ಯಾಸ ಮಾಡಿದರು. ಗುಂಪಿನಲ್ಲಿ ದುಡಿದ ಬಳಿಕ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ಸಂಶೋಧಕರು ಇದನ್ನು ದೇಹವೇ ತಯಾರಿಸುವ ನೋವುಶಮನಕಗಳಾದ ಎಂಡಾರ್ಫಿನ್‌ಗಳ ಕೆಲಸವೆಂದು ಅರ್ಥೈಸಿದರು. 12 ಜನರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಆದರೂ ಒಬ್ಬನೇ ಓಡಿದ ದಿನ ಇದೇ ಏರು ನನಗೆ ಎಷ್ಟು ಉದ್ದವಾಗಿ ತೋರಿತ್ತೆಂಬುದು ನೆನಪಿದೆ.

ಒಂಬತ್ತನೆಯ ಕಿಲೋಮೀಟರಿನಲ್ಲಿ ಹಿಂತಿರುಗಿದೆವು. ದಿಣ್ಣೆಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಿಂತರೆ ಸ್ನಾಯುಗಳ ಶಾಖ ಇಳಿದು ಒದ್ದೆ ಅಂಗಿ ನಡುಕ ಹುಟ್ಟಿಸುತ್ತದೆ, ಹಾಗಾಗಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಅವನ ಉಸಿರು ತಹಬಂದಿಗೆ ಬಂದಿತು.

"ಅಪ್ಪ ಮಾತ್ರ ಇನ್ನೂ ನೂರು ಅಡಿ ಇಳಿಸಿ ಎಂದು ಹಟ ಹಿಡಿದರು" ಎಂದು ಒಂದೇ ಉಸಿರಿಗೆ ಹೇಳಿದ. "ಐನೂರ ತೊಂಬತ್ತಕ್ಕೆ ನೀರು ಬಿತ್ತು."